ಒಂದೊಂದು ಶಾಟ್ ಚೆನ್ನಾಗಿದೆ, ಜೋಡಿಸಿದರೆ ಯಾಕೆ ಕೆಡುತ್ತದೆ?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಫೋನ್‌ನಲ್ಲೇ ಒಂದು ಕಿರುಚಿತ್ರ ಮಾಡಿದ್ದೇವೆ. ಮೇಜಿನ ಎದುರುಬದುರು ಕೂತ ಅಕ್ಕ ತಮ್ಮ ಮಾತಾಡುತ್ತಾರೆ, ಕೊನೆಗೆ ಅಕ್ಕ ಒಂದು ಬೀಗದ ಕೈ ತೆಗೆದು ತಮ್ಮನ ಮುಂದೆ ಇಡುತ್ತಾಳೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲ ಶಾಟ್ ಚೆನ್ನಾಗಿವೆ. ಜೋಡಿಸಿದರೆ ಮಾತ್ರ ಇಬ್ಬರೂ ಬೇರೆ ಯಾರನ್ನೋ ನೋಡುತ್ತಾ ಮಾತಾಡುವ ಹಾಗೆ ಕಾಣುತ್ತಾರೆ. ಕೆಲವು ಕಡೆ ಚಿತ್ರ ಎಗರಿದಂತೆ ಆಗುತ್ತದೆ. ಕಟ್ ಆದಾಗಲೆಲ್ಲ ಧ್ವನಿಯೂ ಬದಲಾಗುತ್ತದೆ. ಒಳ್ಳೆ ಕ್ಯಾಮೆರಾ ಬೇಕಿತ್ತಾ? ಎಡಿಟಿಂಗ್ ಸರಿಯಾಗಿ ಕಲಿಯಬೇಕಾ? ಆಕ್ಸಿಸ್, ಕವರೇಜ್, ಮಾಸ್ಟರ್ ಅಂತೆಲ್ಲ ಹೇಳುತ್ತಾರಲ್ಲ, ಅವೆಲ್ಲ ಏನು?

ಉತ್ತರ: ಮೊದಲು ಕ್ಯಾಮೆರಾ ವಿಷಯ ಮುಗಿಸಿಬಿಡೋಣ. ನಿಮ್ಮ ಫೋನ್ ಸಾಕು. ದುಬಾರಿ ಕ್ಯಾಮೆರಾದಲ್ಲಿ ತೆಗೆದಿದ್ದರೂ ಈ ಮೂರು ತೊಂದರೆ ಬಂದೇ ಬರುತ್ತಿದ್ದವು, ಇನ್ನೂ ಎದ್ದು ಕಾಣುತ್ತಿದ್ದವು ಅಷ್ಟೇ. ಎಡಿಟಿಂಗ್ ಮೇಲೂ ತಪ್ಪು ಹೊರಿಸಬೇಡಿ. ಒಂದು ಶಾಟ್ ಇನ್ನೊಂದಕ್ಕೆ ಎಲ್ಲಿ, ಹೇಗೆ ಅಂಟುತ್ತದೆ ಅನ್ನುವುದನ್ನು ಶೂಟಿಂಗ್ ದಿನವೇ ಯೋಚಿಸಿರಬೇಕು. ನೀವು ಕೇಳಿರುವ ಪದಗಳೆಲ್ಲ ಹೆಚ್ಚುಕಡಿಮೆ ಆ ಅಂಟಿಗೆ ಸಂಬಂಧಪಟ್ಟವೇ.

ಚಿಕ್ಕ ಪದಗಳನ್ನು ಬೇಗ ಹೇಳಿಬಿಡುತ್ತೇನೆ. ಕ್ಯಾಮೆರಾ ಆನ್ ಆಗಿ ಆಫ್ ಆಗುವವರೆಗೆ ಸಿಕ್ಕಿದ್ದು ಒಂದು ಟೇಕ್. ಅದನ್ನೇ ಇನ್ನೊಮ್ಮೆ ಮಾಡಿದರೆ ಎರಡನೇ ಟೇಕ್. ಎಡಿಟ್ ಆದ ಮೇಲೆ ಎರಡು ಕಟ್‌ಗಳ ನಡುವೆ ಉಳಿಯುವ ತುಂಡು ಶಾಟ್. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುವುದು ಸೀನ್. ಕ್ಯಾಮೆರಾ, ಲೆನ್ಸ್, ಲೈಟ್ ಒಂದು ಕಡೆ ಇಟ್ಟು ಸಿದ್ಧ ಮಾಡಿಕೊಂಡರೆ ಅದು ಸೆಟಪ್. ಶೂಟಿಂಗ್‌ನಲ್ಲಿ ಹೊತ್ತು ತಿನ್ನುವುದು ಟೇಕ್‌ಗಳಿಗಿಂತ ಸೆಟಪ್ ಬದಲಿಸುವುದೇ ಜಾಸ್ತಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಅಳತೆ. ಆಳು ಪೂರ್ತಿ ಕಾಣುತ್ತಾ ಸುತ್ತಲಿನ ಜಾಗವೂ ಕಂಡರೆ ವೈಡ್ ಅಥವಾ ಲಾಂಗ್ ಶಾಟ್. ಸೊಂಟದಿಂದ ಮೇಲೆ ಆದರೆ ಮಿಡ್. ಭುಜದಿಂದ ಮೇಲೆ, ಮುಖವೇ ತುಂಬಿಕೊಂಡರೆ ಕ್ಲೋಸಪ್. ಕಣ್ಣು ಮಾತ್ರ, ಬೆರಳು ಮಾತ್ರ ಆದರೆ ಎಕ್ಸ್‌ಟ್ರೀಮ್ ಕ್ಲೋಸಪ್. ಒಬ್ಬರ ಭುಜ, ಕಿವಿ ಅಂಚಿನಲ್ಲಿ ಕಾಣುತ್ತಾ ಎದುರಿನವರ ಮುಖ ಕಂಡರೆ ಓವರ್ ದ ಶೋಲ್ಡರ್. ವಸ್ತುವನ್ನು ಮಾತ್ರ ಹತ್ತಿರದಿಂದ ತೋರಿಸಿದರೆ ಇನ್ಸರ್ಟ್. ನಿಮ್ಮ ಬೀಗದ ಕೈಗೆ ಬೇಕಿದ್ದದ್ದು ಅದೇ.

ಈಗ ನಿಮ್ಮ ಮೊದಲ ತೊಂದರೆಗೆ ಬರೋಣ. ಇಬ್ಬರೂ ಬೇರೆ ಯಾರನ್ನೋ ನೋಡುವ ಹಾಗೆ ಕಾಣುವುದು ಯಾಕೆ?

ಅಕ್ಕನ ಮೂಗಿನಿಂದ ತಮ್ಮನ ಮೂಗಿಗೆ ಒಂದು ದಾರ ಕಟ್ಟಿದ್ದೀರಿ ಅಂದುಕೊಳ್ಳಿ. ಇದೇ ಆಕ್ಸಿಸ್, ಸುಮ್ನೆ ‘ಲೈನ್’ ಅಂತಲೂ ಕರೆಯುತ್ತಾರೆ. ಕ್ಯಾಮೆರಾ ಈ ದಾರದ ಒಂದು ಬದಿಯಲ್ಲೇ ಇರಬೇಕು. ಆ ಬದಿಯ ಅರ್ಧ ವೃತ್ತದಲ್ಲಿ ಎಲ್ಲಿ ಬೇಕಾದರೂ ಇಡಿ. ಅರ್ಧ ವೃತ್ತ ಅಂದರೆ 180 ಡಿಗ್ರಿ, ಅದಕ್ಕೇ ಇದು 180 ಡಿಗ್ರಿ ನಿಯಮ. ಆ ಬದಿಯಿಂದ ನೋಡಿದಾಗ ಅಕ್ಕ ಎಡಕ್ಕಿದ್ದಾಳೆ, ಬಲಕ್ಕೆ ನೋಡುತ್ತಾಳೆ. ತಮ್ಮ ಬಲಕ್ಕಿದ್ದಾನೆ, ಎಡಕ್ಕೆ ನೋಡುತ್ತಾನೆ. ಅಕ್ಕನ ಕ್ಲೋಸಪ್ ಬಂದು ತಮ್ಮನ ಕ್ಲೋಸಪ್‌ಗೆ ಕಟ್ ಆದಾಗ ಒಬ್ಬಳ ನೋಟ ಬಲಕ್ಕೆ, ಇನ್ನೊಬ್ಬನದು ಎಡಕ್ಕೆ. ಎರಡು ನೋಟಗಳೂ ಕಟ್‌ನ ಜಾಗದಲ್ಲಿ ಡಿಕ್ಕಿ ಹೊಡೆಯುತ್ತವೆ. ನೋಡುವವರಿಗೆ ‘ಇವರು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ’ ಅನ್ನಿಸುತ್ತದೆ.

ನೀವು ಏನು ಮಾಡಿರುತ್ತೀರಿ ಅಂದರೆ, ಅಕ್ಕನ ಶಾಟ್‌ಗಳನ್ನು ಈ ಬದಿಯಿಂದ ತೆಗೆದು, ತಮ್ಮನ ಶಾಟ್‌ಗಳಿಗೆ ಆ ಬದಿಗೆ ಹೋಗಿರುತ್ತೀರಿ. ಬಹುಶಃ ಅಲ್ಲಿ ಹಿನ್ನೆಲೆ ಚೆನ್ನಾಗಿತ್ತು, ಇಲ್ಲ ಕಿಟಕಿ ಬೆಳಕು ಅಲ್ಲಿತ್ತು. ದಾರ ದಾಟಿದ ಕೂಡಲೇ ತಮ್ಮನೂ ಬಲಕ್ಕೆ ನೋಡತೊಡಗುತ್ತಾನೆ. ಈಗ ಇಬ್ಬರೂ ಬಲಕ್ಕೇ ನೋಡುತ್ತಿದ್ದಾರೆ, ಒಂದೇ ಬಸ್ಸಿನ ಎರಡು ಸೀಟಿನಲ್ಲಿ ಹಿಂದೆ ಮುಂದೆ ಕೂತವರ ಹಾಗೆ. ಸೆಟ್‌ನಲ್ಲಿ ನಿಂತಾಗ ಇದು ಗೊತ್ತೇ ಆಗುವುದಿಲ್ಲ. ಅಲ್ಲಿ ನಮಗೆ ಕೋಣೆ ಪೂರ್ತಿ ಕಾಣುತ್ತಿರುತ್ತದೆ, ಯಾರು ಎಲ್ಲಿ ಕೂತಿದ್ದಾರೆ ಅಂತ ತಿಳಿದಿರುತ್ತದೆ. ಪರದೆಯ ಮುಂದೆ ಕೂತವರಿಗೆ ಚೌಕಟ್ಟಿನ ಎಡ ಬಲ ಬಿಟ್ಟರೆ ಬೇರೆ ದಿಕ್ಕಿಲ್ಲ.

ಹಾಗಾದರೆ ದಾಟಲೇಬಾರದಾ? ದಾಟಬಹುದು, ನೋಡುವವರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು. ಶಾಟ್ ನಡೆಯುತ್ತಿರುವಾಗಲೇ ಕ್ಯಾಮೆರಾ ಆ ಬದಿಗೆ ಸರಿದರೆ ಗೊಂದಲವಿಲ್ಲ. ತಮ್ಮ ಎದ್ದು ಮೇಜು ಸುತ್ತಿ ಇನ್ನೊಂದು ಕಡೆ ಬಂದರೆ ದಾರವೇ ಬದಲಾಯಿತು. ನಡುವೆ ಬೀಗದ ಕೈಯ ಇನ್ಸರ್ಟ್ ಹಾಕಿ ಆಮೇಲೆ ಆ ಬದಿಯಿಂದ ಒಂದು ವೈಡ್ ತೋರಿಸಿದರೂ ಕೋಣೆಯ ನಕ್ಷೆ ಹೊಸದಾಗಿ ಮನಸ್ಸಿಗೆ ಬರುತ್ತದೆ. ಮೂವರು ಕೂತಿದ್ದರೆ ಯಾರು ಯಾರ ಜೊತೆ ಮಾತಾಡುತ್ತಾರೆ ಅನ್ನುವುದರ ಮೇಲೆ ದಾರ ಬದಲಾಗುತ್ತಾ ಹೋಗುತ್ತದೆ. ಊಟದ ಮೇಜಿನ ಸುತ್ತ ಆರು ಜನ ಕೂತ ಸೀನ್ ಅಂದರೆ ಅನುಭವಸ್ಥರೂ ಕಾಗದ ಪೆನ್ಸಿಲ್ ಹಿಡಿದು ಕೂರುತ್ತಾರೆ. ನಿಮ್ಮ ಮೊದಲ ಚಿತ್ರಕ್ಕೆ ಇಬ್ಬರನ್ನೇ ಇಟ್ಟುಕೊಂಡಿದ್ದು ಒಳ್ಳೆಯದಾಯಿತು.

ದಿಕ್ಕು ಸರಿಯಿದ್ದರೂ ನೋಟ ಕೂಡದೇ ಇರಬಹುದು. ಇದು ಐಲೈನ್, ಅಂದರೆ ಪಾತ್ರದ ಕಣ್ಣು ಎತ್ತ ನೋಡುತ್ತದೆ ಅನ್ನುವ ವಿಷಯ. ಅಕ್ಕನ ಕ್ಲೋಸಪ್ ತೆಗೆಯುವಾಗ ತಮ್ಮನ ಪಾತ್ರದವರು ಎಲ್ಲಿದ್ದರು? ಎದ್ದು ಹೊರಗೆ ಹೋಗಿದ್ದರೆ ಅಕ್ಕ ಗೋಡೆ ನೋಡಿ ಮಾತಾಡಿರುತ್ತಾಳೆ, ಅದು ಕಣ್ಣಲ್ಲೇ ತಿಳಿಯುತ್ತದೆ. ತಮ್ಮ ಕ್ಯಾಮೆರಾದ ಪಕ್ಕದಲ್ಲೇ, ಲೆನ್ಸ್‌ಗೆ ಅಂಟಿದಂತೆ, ತಾನು ಕೂತಿದ್ದ ಎತ್ತರದಲ್ಲೇ ಕೂತು ತನ್ನ ಮಾತನ್ನು ಹೇಳಬೇಕು. ಪಕ್ಕದಲ್ಲಿ ಅಂದರೆ ದಾರ ಇರುವ ಕಡೆ. ಅಕ್ಕ ಬಲಕ್ಕೆ ನೋಡಬೇಕಾದರೆ ತಮ್ಮ ಕ್ಯಾಮೆರಾದ ಬಲಕ್ಕೆ. ಅವನು ಲೆನ್ಸ್‌ಗೆ ಹತ್ತಿರ ಕೂತಷ್ಟೂ ಅಕ್ಕನ ಎರಡೂ ಕಣ್ಣು ನಮಗೆ ಕಾಣುತ್ತವೆ, ಅವಳು ನಮಗೆ ಹತ್ತಿರವಾಗುತ್ತಾಳೆ. ದೂರ ಕೂತರೆ ಮುಖ ಪಕ್ಕಕ್ಕೆ ತಿರುಗುತ್ತದೆ, ನಾವು ಹೊರಗಿನವರಾಗಿ ನೋಡುತ್ತೇವೆ. ಎರಡೂ ತಪ್ಪಲ್ಲ. ಆದರೆ ಒಬ್ಬರದು ಹಾಗೆ, ಇನ್ನೊಬ್ಬರದು ಹೀಗೆ ಆಗಬಾರದು. ಅಕ್ಕನ ಕ್ಲೋಸಪ್‌ಗೆ ಇಟ್ಟ ದೂರ, ಎತ್ತರ, ಲೆನ್ಸ್ ಬರೆದಿಟ್ಟುಕೊಂಡು ತಮ್ಮನಿಗೂ ಅಷ್ಟೇ ಇಡಿ. ಬೇಕಂತಲೇ ಬದಲಿಸುವುದು ಬೇರೆ ಮಾತು. ಉದಾಹರಣೆಗೆ ಅಕ್ಕನ ಕೈ ಮೇಲಾಗಬೇಕು ಅಂದರೆ ಅವಳ ಶಾಟ್‌ಗೆ ಕ್ಯಾಮೆರಾ ಸ್ವಲ್ಪ ಕೆಳಗಿಡಬಹುದು.

ಎರಡನೇ ತೊಂದರೆ, ಎಗರುವುದು. ಇದಕ್ಕೆ ಜಂಪ್ ಕಟ್ ಅನ್ನುತ್ತಾರೆ. ಅಕ್ಕನ ಒಂದು ಮಿಡ್ ಶಾಟ್‌ನಿಂದ, ಅದೇ ಜಾಗದಿಂದ ಒಂದು ಚೂರು ಹತ್ತಿರದ ಇನ್ನೊಂದು ಮಿಡ್‌ಗೆ ಕಟ್ ಮಾಡಿರುತ್ತೀರಿ. ಎರಡೂ ಬಹುತೇಕ ಒಂದೇ ರೀತಿ ಇರುವುದರಿಂದ ಕಣ್ಣಿಗೆ ಅದು ಬೇರೆ ಶಾಟ್ ಅನ್ನಿಸುವುದೇ ಇಲ್ಲ, ಅಕ್ಕನೇ ಚಕ್ಕನೆ ಜರುಗಿದ ಹಾಗೆ ಕಾಣುತ್ತದೆ. ಒಬ್ಬರದೇ ಎರಡು ಶಾಟ್ ಪಕ್ಕಪಕ್ಕ ಬರುವುದಾದರೆ ಕ್ಯಾಮೆರಾ ಕನಿಷ್ಠ 30 ಡಿಗ್ರಿಯಾದರೂ ಸರಿದಿರಬೇಕು ಅನ್ನುವುದು ರೂಢಿಯ ನಿಯಮ. ಜೊತೆಗೆ ಅಳತೆಯೂ ಢಾಳಾಗಿ ಬದಲಾದರೆ ಇನ್ನೂ ಒಳ್ಳೆಯದು. ಮಿಡ್‌ನಿಂದ ಕ್ಲೋಸಪ್‌ಗೆ ಹೋಗಿ, ಮಿಡ್‌ನಿಂದ ಮುಕ್ಕಾಲು ಮಿಡ್‌ಗೆ ಹೋಗಬೇಡಿ. ಫ್ರೆಂಚ್ ನಿರ್ದೇಶಕ ಗೊಡಾರ್ 1960ರ ‘ಬ್ರೆತ್‌ಲೆಸ್’ನಲ್ಲಿ ಈ ನಿಯಮವನ್ನು ಬೇಕಂತಲೇ ಮುರಿದು ಹೆಸರು ಮಾಡಿದರು ನಿಜ. ಅಲ್ಲಿ ಚಿತ್ರದುದ್ದಕ್ಕೂ ಅದೊಂದು ಲಯವಾಗಿ ಬರುತ್ತದೆ. ನಿಮ್ಮದರಲ್ಲಿ ಎರಡು ಕಡೆ ಮಾತ್ರ ಬಂದರೆ ನೋಡುವವರು ಇಂಟರ್‌ನೆಟ್ ಕೈಕೊಟ್ಟಿತು ಅಂದುಕೊಳ್ಳುತ್ತಾರೆ.

ಎಗರುವುದಕ್ಕೆ ಇನ್ನೊಂದು ಕಾರಣ ಕಂಟಿನ್ಯುಟಿ, ಅಂದರೆ ಶಾಟ್‌ನಿಂದ ಶಾಟ್‌ಗೆ ಇರಬೇಕಾದ ಹೊಂದಿಕೆ, ತಪ್ಪುವುದು. ವೈಡ್‌ನಲ್ಲಿ ಅಕ್ಕ ಎಡಗೈಲಿ ಲೋಟ ಹಿಡಿದಿದ್ದಾಳೆ, ಕ್ಲೋಸಪ್‌ನಲ್ಲಿ ಕೈ ಖಾಲಿ. ದೊಡ್ಡ ಚಿತ್ರಗಳಲ್ಲಿ ಇದನ್ನು ನೋಡಿಕೊಳ್ಳಲೆಂದೇ ಸ್ಕ್ರಿಪ್ಟ್ ಸೂಪರ್‌ವೈಸರ್ ಇರುತ್ತಾರೆ. ನಿಮ್ಮ ತಂಡದಲ್ಲಿ ಒಬ್ಬರಿಗೆ ಈ ಒಂದೇ ಕೆಲಸ ಕೊಡಿ, ಬೇರೇನೂ ಹೇಳಬೇಡಿ. ಯಾವ ಮಾತಿಗೆ ಯಾವ ಕೈ ಎಲ್ಲಿತ್ತು ಅಂತ ಸಂಭಾಷಣೆ ಹಾಳೆಯ ಅಂಚಿನಲ್ಲೇ ಬರೆದುಕೊಳ್ಳಲಿ. ಟೇಕ್ ಮುಗಿದ ಕೂಡಲೇ ಇನ್ನೊಂದು ಫೋನ್‌ನಲ್ಲಿ ಒಂದು ಫೋಟೋ ತೆಗೆದಿಡಲಿ. ಹಾಗಂತ ಇದರ ಹಿಂದೆ ವಿಪರೀತ ಬೀಳುವುದೂ ಬೇಡ. ನೋಡುವವರ ಕಣ್ಣು ಮುಖದ ಮೇಲಿರುತ್ತದೆ, ಲೋಟದ ಮೇಲೆ ಅಲ್ಲ. ಅಭಿನಯ ಚೆನ್ನಾಗಿ ಬಂದಿರುವ ಟೇಕ್‌ನಲ್ಲಿ ಲೋಟ ಎರಡು ಇಂಚು ಸರಿದಿದ್ದರೆ ನಾನು ಆ ಟೇಕನ್ನೇ ಇಟ್ಟುಕೊಳ್ಳುತ್ತೇನೆ.

ಇಲ್ಲೇ ಒಂದು ಉಪಾಯ ಹೇಳಬೇಕು. ಇದು ಕೈಗೆ ಹತ್ತಿದರೆ ನಿಮ್ಮ ಅರ್ಧ ತೊಂದರೆ ಮುಗಿದ ಹಾಗೆ. ಅದು ಆ್ಯಕ್ಷನ್ ಮೇಲೆ ಕಟ್ ಮಾಡುವುದು. ಅಕ್ಕ ಬೀಗದ ಕೈ ತೆಗೆದಿಡುವ ಗಳಿಗೆ ನೋಡಿ. ವೈಡ್‌ನಲ್ಲಿ ಅವಳು ಕೈಯನ್ನು ಜೇಬಿಗೆ ಹಾಕುತ್ತಾಳೆ, ತೆಗೆಯುತ್ತಾಳೆ, ಮೇಜಿನ ಮೇಲೆ ಇಡುತ್ತಾಳೆ, ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಇನ್ಸರ್ಟ್ ತೆಗೆಯುವಾಗಲೂ ಈ ಇಡೀ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಅದೇ ವೇಗದಲ್ಲಿ ಮಾಡಿಸಿ. ಬೀಗದ ಕೈ ಮೇಜಿಗೆ ತಾಗುವ ಚೂರನ್ನು ಮಾತ್ರ ತೆಗೆದರೆ ಎಡಿಟಿಂಗ್‌ನಲ್ಲಿ ಹಿಡಿದುಕೊಳ್ಳಲು ಬಾಲವೇ ಇರುವುದಿಲ್ಲ. ಈಗ ಟೈಮ್‌ಲೈನ್‌ನಲ್ಲಿ, ಅಂದರೆ ಎಡಿಟಿಂಗ್‌ನಲ್ಲಿ ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ, ವೈಡ್ ಶಾಟ್ ನಡೆಸಿ. ಕೈ ಜೇಬಿನಿಂದ ಹೊರಬಂದು ಮೇಜಿನ ಕಡೆ ಇಳಿಯಲು ಶುರುವಾಗುತ್ತದಲ್ಲ, ಅಲ್ಲಿ, ಇಳಿಯುತ್ತಿರುವ ಮಧ್ಯದಲ್ಲೇ, ಇನ್ಸರ್ಟ್‌ಗೆ ಕಟ್ ಮಾಡಿ. ಇನ್ಸರ್ಟ್‌ನಲ್ಲಿ ಕೈ ಮೇಲಿನಿಂದ ಚೌಕಟ್ಟಿನೊಳಗೆ ಬಂದು ಬೀಗದ ಕೈ ಟಣ್ ಅಂತ ಕೂರುತ್ತದೆ. ಕಣ್ಣು ಆ ಚಲನೆಯ ಬೆನ್ನು ಹತ್ತಿರುವುದರಿಂದ ಕಟ್ ಆಗಿದ್ದೇ ಗೊತ್ತಾಗುವುದಿಲ್ಲ. ಎರಡು ಫ್ರೇಮ್ ಹಿಂದೆ, ಮೂರು ಫ್ರೇಮ್ ಮುಂದೆ ಮಾಡಿ ನೋಡಿ. ಫ್ರೇಮ್ ಅಂದರೆ ವಿಡಿಯೊದ ಒಂದೊಂದು ಬಿಡಿ ಚಿತ್ರ. ಸೆಕೆಂಡಿಗೆ 24 ಫ್ರೇಮ್‌ನಂತೆ ತೆಗೆದಿದ್ದರೆ ಎರಡು ಫ್ರೇಮ್ ಅಂದರೆ ಸೆಕೆಂಡಿನ ಹನ್ನೆರಡನೇ ಒಂದು ಪಾಲು. ಅಷ್ಟಕ್ಕೇ ಕಟ್ ಮುಗ್ಗರಿಸುವುದೂ ಉಂಟು, ಜಾರಿಕೊಂಡು ಹೋಗುವುದೂ ಉಂಟು. ಎದ್ದೇಳುವುದು, ಕೂರುವುದು, ತಲೆ ತಿರುಗಿಸುವುದು, ಬಾಗಿಲು ತೆಗೆಯುವುದು, ಇವೆಲ್ಲ ಕಟ್‌ಗೆ ಒಳ್ಳೆಯ ಜಾಗಗಳು.

ಇದಕ್ಕಾಗಿಯೇ ‘ಆ್ಯಕ್ಷನ್’ ಅನ್ನುವ ಮೊದಲು ಐದು ಸೆಕೆಂಡ್, ಮಾತು ಮುಗಿದ ಮೇಲೆ ಐದು ಸೆಕೆಂಡ್ ಕ್ಯಾಮೆರಾ ಓಡುತ್ತಿರಲಿ. ಹೊಸಬರು ಕೊನೆಯ ಮಾತು ಬಾಯಿಂದ ಬೀಳುವುದರೊಳಗೆ ‘ಕಟ್’ ಎಂದು ಕೂಗಿಬಿಡುತ್ತಾರೆ. ಮಾತು ಮುಗಿದ ಮೇಲೆ ಮುಖದಲ್ಲಿ ಉಳಿಯುತ್ತದಲ್ಲ, ಎಷ್ಟೋ ಸಲ ಸೀನ್‌ನ ಜೀವ ಅದೇ.

ಇನ್ನು ಮಾಸ್ಟರ್ ಮತ್ತು ಕವರೇಜ್. ಸೀನ್ ಪೂರ್ತಿಯನ್ನು ಶುರುವಿನಿಂದ ಕೊನೆಯವರೆಗೆ, ಇಬ್ಬರೂ ಕಾಣುವಂತೆ ಒಂದೇ ವೈಡ್‌ನಲ್ಲಿ ತೆಗೆಯುವುದು ಮಾಸ್ಟರ್. ಆಮೇಲೆ ಅದೇ ಸೀನನ್ನು ಬೇರೆ ಬೇರೆ ಕಡೆಯಿಂದ, ಬೇರೆ ಅಳತೆಯಲ್ಲಿ ತೆಗೆಯುವುದು ಕವರೇಜ್. ನಿಮ್ಮ ಸೀನ್‌ಗೆ ಒಂದು ಮಾಸ್ಟರ್, ಅಕ್ಕನ ಓವರ್ ದ ಶೋಲ್ಡರ್ ಮತ್ತು ಕ್ಲೋಸಪ್, ತಮ್ಮನದು ಹಾಗೇ ಎರಡು, ಬೀಗದ ಕೈಯ ಇನ್ಸರ್ಟ್, ಇಷ್ಟಿದ್ದರೆ ಧಾರಾಳವಾಯಿತು. ಮೊದಲು ಮಾಸ್ಟರ್ ತೆಗೆಯುವುದು ವಾಡಿಕೆ. ಯಾರು ಯಾವಾಗ ಏನು ಮಾಡುತ್ತಾರೆ ಅನ್ನುವುದು ಅಲ್ಲಿ ಗಟ್ಟಿಯಾಗುತ್ತದೆ. ಮುಂದೆ ಒಬ್ಬರ ಶಾಟ್‌ಗಳನ್ನೆಲ್ಲ ಒಟ್ಟಿಗೆ ಮುಗಿಸಿ, ಆಮೇಲೆ ದಾರ ದಾಟದೆ ಲೈಟ್ ಸಮೇತ ಇನ್ನೊಬ್ಬರ ಕಡೆಗೆ ತಿರುಗಿ. ಸೆಟಪ್ ಹೊತ್ತು ತಿನ್ನುತ್ತದೆ ಅಂದೆನಲ್ಲ, ಅದಕ್ಕೆ. ಆದರೆ ನಟಿ ಅಳಬೇಕಾದ ಸೀನ್ ಆದರೆ ನಾನು ವಾಡಿಕೆ ಮುರಿದು ಕ್ಲೋಸಪ್ ಮೊದಲು ತೆಗೆಯುತ್ತೇನೆ. ಮಾಸ್ಟರ್‌ನ ನಾಲ್ಕು ಟೇಕ್‌ನಲ್ಲಿ ಕಣ್ಣೀರು ಖಾಲಿಯಾದರೆ ಹತ್ತಿರ ಹೋದಾಗ ಏನು ಉಳಿದಿರುತ್ತದೆ?

‘ಇಷ್ಟೆಲ್ಲ ತಲೆನೋವು ಯಾಕೆ, ಇಡೀ ಸೀನ್ ಒಂದೇ ಶಾಟ್‌ನಲ್ಲಿ ತೆಗೆದುಬಿಡೋಣ’ ಅಂತ ನಿಮಗೆ ಅನ್ನಿಸಿರಬಹುದು. ತೆಗೆಯಬಹುದು. ನಿರ್ದೇಶಕ ಹಿಚ್‌ಕಾಕ್ 1948ರ ‘ರೋಪ್’ ಚಿತ್ರವನ್ನು ಉದ್ದುದ್ದ ಟೇಕ್‌ಗಳಲ್ಲೇ ತೆಗೆದರು. ಕ್ಯಾಮೆರಾದಲ್ಲಿ ಹಿಡಿಸುತ್ತಿದ್ದ ಫಿಲ್ಮ್ ಸುಮಾರು ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದುದರಿಂದ ಟೇಕ್‌ಗಳೂ ಅದಕ್ಕಿಂತ ಉದ್ದ ಆಗುವಂತಿರಲಿಲ್ಲ. ನಿಮ್ಮ ಫೋನ್‌ಗೆ ಆ ಮಿತಿಯೂ ಇಲ್ಲ. ಆದರೆ ಒಂದೇ ಶಾಟ್ ಆದರೆ ನಿಧಾನವಾದ ಜಾಗವನ್ನು ಆಮೇಲೆ ಚುರುಕು ಮಾಡಲಾಗುವುದಿಲ್ಲ, ತೊದಲಿದ ಮಾತನ್ನು ಮುಚ್ಚಲಾಗುವುದಿಲ್ಲ. ಎಲ್ಲವೂ ಒಂದೇ ಟೇಕ್‌ನಲ್ಲಿ ಕೂಡಿಬರಬೇಕು. ಮೊದಲ ಚಿತ್ರದಲ್ಲಿ ಈ ಜೂಜು ಬೇಡ.

ಮೂರನೆಯದು ಧ್ವನಿ. ನೀವು ಶೂಟ್ ಮಾಡಿದ ಫೋನ್‌ನಲ್ಲೇ ಧ್ವನಿಯನ್ನೂ ತೆಗೆದುಕೊಂಡಿದ್ದೀರಿ ಅಂತ ಕಾಣುತ್ತದೆ. ವೈಡ್‌ಗೆ ಫೋನ್ ದೂರ ಹೋಯಿತು, ಧ್ವನಿಯೂ ದೂರ ಹೋಯಿತು, ಕೋಣೆಯ ಮಾರ್ದನಿ ಸೇರಿಕೊಂಡಿತು. ಕ್ಲೋಸಪ್‌ಗೆ ಹತ್ತಿರ ಬಂದಾಗ ಗಟ್ಟಿಯಾಯಿತು. ಕಟ್ ಆದಾಗಲೆಲ್ಲ ಇದು ಕಿವಿಗೆ ಹೊಡೆಯುತ್ತದೆ. ಕ್ಯಾಮೆರಾ ಎಲ್ಲಿದ್ದರೂ ಮೈಕ್ ಬಾಯಿಯ ಹತ್ತಿರವೇ ಇರಬೇಕು. ಇನ್ನೊಂದು ಫೋನನ್ನು ರೆಕಾರ್ಡರ್ ಮಾಡಿಕೊಂಡು ಮೇಜಿನ ಮೇಲೆ, ಚೌಕಟ್ಟಿಗೆ ಕಾಣದ ಹಾಗೆ ಯಾವುದಾದರೂ ವಸ್ತುವಿನ ಹಿಂದೆ ಇಡಿ. ಅಂಗಿಗೆ ಸಿಕ್ಕಿಸುವ ಲೇಪಲ್ ಮೈಕ್ ಇದ್ದರೆ ಇನ್ನೂ ಒಳ್ಳೆಯದು. ಚಿತ್ರ ಒಂದರಲ್ಲಿ, ಧ್ವನಿ ಇನ್ನೊಂದರಲ್ಲಿ ಅಂದಮೇಲೆ ಎರಡನ್ನೂ ಹೊಂದಿಸಬೇಕಲ್ಲ? ಕ್ಲ್ಯಾಪ್ ಬೋರ್ಡ್ ಇರುವುದೇ ಅದಕ್ಕೆ. ಹಲಗೆ ಮುಚ್ಚಿದ ಫ್ರೇಮ್ ಮತ್ತು ‘ಟಪ್’ ಅನ್ನುವ ಸದ್ದು ಎರಡನ್ನೂ ಒಂದೇ ಗೆರೆಗೆ ತಂದರೆ ಉಳಿದ ಮಾತೆಲ್ಲ ತಾನೇ ತುಟಿಗೆ ಕೂಡುತ್ತದೆ. ಬೋರ್ಡ್ ಇಲ್ಲದಿದ್ದರೆ ಕ್ಯಾಮೆರಾ ಮುಂದೆ ಕೈ ಚಪ್ಪಾಳೆ ಸಾಕು. ಸೀನ್ ನಂಬರ್, ಟೇಕ್ ನಂಬರ್ ಬಾಯಲ್ಲಿ ಹೇಳಿ. ಎಡಿಟಿಂಗ್‌ಗೆ ಕೂತಾಗ ನಿಮಗೆ ನೀವೇ ಥ್ಯಾಂಕ್ಸ್ ಹೇಳಿಕೊಳ್ಳುತ್ತೀರಿ.

ಮಾತು ಮುಗಿದ ಮೇಲೆ ಎಲ್ಲರನ್ನೂ ಅವರವರ ಜಾಗದಲ್ಲೇ ನಿಲ್ಲಿಸಿ, ಯಾರೂ ಉಸಿರೆತ್ತದ ಹಾಗೆ ಅರ್ಧ ನಿಮಿಷ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿ. ಇದು ರೂಮ್ ಟೋನ್. ಪ್ರತಿ ಕೋಣೆಯ ಮೌನಕ್ಕೂ ಒಂದು ಸದ್ದಿದೆ, ಅಲ್ವಾ? ಮಾತಿನ ತುಂಡುಗಳ ನಡುವೆ ಬೀಳುವ ತೂತುಗಳಿಗೆ ಇದನ್ನು ಹಾಸಿದರೆ ಕಟ್‌ಗಳು ಕೇಳಿಸುವುದಿಲ್ಲ.

ಎಡಿಟಿಂಗ್‌ನಲ್ಲಿ ಇನ್ನೊಂದು ಅಭ್ಯಾಸ ಬಿಡಬೇಕು. ಯಾರು ಮಾತಾಡುತ್ತಾರೋ ಅವರ ಮುಖಕ್ಕೇ ಕಟ್ ಮಾಡುವುದು. ಅವಳು ಮಾತಾಡಿದಳು, ಅವಳ ಮುಖ. ಅವನು ಮಾತಾಡಿದ, ಅವನ ಮುಖ. ಟೆನಿಸ್ ನೋಡಿದ ಹಾಗಾಗುತ್ತದೆ. ಅಕ್ಕನ ಮಾತು ಇನ್ನೂ ನಡೆಯುತ್ತಿರುವಾಗಲೇ ಚಿತ್ರವನ್ನು ಕೇಳುತ್ತಿರುವ ತಮ್ಮನಿಗೆ ಕಟ್ ಮಾಡಿ. ಇದು ಎಲ್ ಕಟ್. ತಮ್ಮನ ಮಾತು ಶುರುವಾದರೂ ಚಿತ್ರ ಇನ್ನೂ ಅಕ್ಕನ ಮೇಲೆ ಇದ್ದು, ಆಮೇಲೆ ಅವನ ಮುಖ ಬಂದರೆ ಜೆ ಕಟ್. ಟೈಮ್‌ಲೈನ್‌ನಲ್ಲಿ ಚಿತ್ರ ಮತ್ತು ಧ್ವನಿಯ ತುಂಡುಗಳು ಆ ಅಕ್ಷರಗಳ ಆಕಾರದಲ್ಲಿ ಕಾಣುತ್ತವೆ. ಧ್ವನಿ ಕಟ್ ಮೇಲೆ ಸೇತುವೆಯಂತೆ ಹಾದುಹೋಗುವುದರಿಂದ ಜೋಡಣೆ ಮೆತ್ತಗಾಗುತ್ತದೆ. ಅದಕ್ಕಿಂತ ಮುಖ್ಯ, ಮಾತು ಕೇಳಿದವರಿಗೆ ಏನಾಯಿತು ಅನ್ನುವುದು ಕಾಣುತ್ತದೆ. ಮನೆ ಬಿಟ್ಟು ಹೋಗುತ್ತೇನೆ ಅಂತ ಅಕ್ಕ ಹೇಳುತ್ತಾಳೆ ಅಂದುಕೊಳ್ಳಿ, ಆಗ ನಾನಂತೂ ತಮ್ಮನ ಮುಖ ನೋಡಬೇಕು ಅಂತಲೇ ಬಯಸುತ್ತೇನೆ.

ಫೋನ್ ಸೆಟ್ಟಿಂಗ್ ಬಗ್ಗೆ ನಾಲ್ಕು ಮಾತು. ಆಟೋ ಬಿಟ್ಟರೆ ಅಕ್ಕ ಮುಂದೆ ಬಾಗಿದಾಗೆಲ್ಲ ಬೆಳಕು ಏರಿಳಿಯುತ್ತದೆ, ಶಾಟ್‌ನಿಂದ ಶಾಟ್‌ಗೆ ಬಣ್ಣ ಬದಲಾಗುತ್ತದೆ. ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಸೆಕೆಂಡಿಗೆ 24 ಅಥವಾ 25 ಫ್ರೇಮ್‌ನಲ್ಲಿ ತೆಗೆಯುವುದಾದರೆ ಶಟರ್, ಅಂದರೆ ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್ ಇಡಿ, ಚಲನೆ ಸಹಜವಾಗಿ ಕಾಣುತ್ತದೆ. 50 ಹರ್ಟ್ಸ್ ಕರೆಂಟ್ ಇರುವ ಕಡೆ ಟ್ಯೂಬ್‌ಲೈಟಿನ ಮಿಣುಕಾಟವೂ ಇದರಿಂದ ತಪ್ಪುತ್ತದೆ. ಕಿಟಕಿಯ ನೀಲಿ ಬೆಳಕು ಮತ್ತು ಬಲ್ಬಿನ ಹಳದಿ ಬೆಳಕು ಎರಡನ್ನೂ ಒಂದೇ ಮುಖದ ಮೇಲೆ ಬೀಳಿಸಬೇಡಿ, ಒಂದನ್ನೇ ಇಟ್ಟುಕೊಳ್ಳಿ. ಕ್ಲೋಸಪ್‌ಗೆ ಫೋನನ್ನು ಮೂಗಿನ ಹತ್ತಿರ ಒಯ್ಯಬೇಡಿ, ಮೂಗು ದಪ್ಪವಾಗುತ್ತದೆ, ಕಿವಿ ಹಿಂದೆ ಹೋಗುತ್ತದೆ. ಫೋನ್‌ನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇದ್ದರೆ ಅದಕ್ಕೆ ಹೋಗಿ ದೂರ ನಿಂತು ತೆಗೆಯಿರಿ. ಪ್ಯಾನ್, ಟಿಲ್ಟ್, ಟ್ರ್ಯಾಕ್, ಜೂಮ್ ಅನ್ನುವ ಕ್ಯಾಮೆರಾ ಓಡಾಟಗಳೆಲ್ಲ ಆಮೇಲೆ ನೋಡಿಕೊಳ್ಳೋಣ. ಕೂತು ಮಾತಾಡುವ ಸೀನ್‌ಗೆ ಟ್ರೈಪಾಡ್ ಸಾಕು.

ಈಗಾಗಲೇ ತೆಗೆದಿರುವುದನ್ನು ಉಳಿಸಿಕೊಳ್ಳಬಹುದಾ? ಬಹುಮಟ್ಟಿಗೆ ಆಗುತ್ತದೆ. ಲೈನ್ ದಾಟಿದ ತಮ್ಮನ ಕ್ಲೋಸಪ್‌ಗಳನ್ನು ಎಡಿಟಿಂಗ್‌ನಲ್ಲಿ ಕನ್ನಡಿಯಂತೆ ಎಡಬಲ ತಿರುಗಿಸಿ ನೋಡಿ, ಫ್ಲಿಪ್ ಅಂತ ಒಂದು ಆಯ್ಕೆ ಇರುತ್ತದೆ. ನೋಟ ಎಡಕ್ಕೆ ಬರುತ್ತದೆ. ಆದರೆ ಬೈತಲೆ, ಅಂಗಿಯ ಜೇಬು, ಕೈಗಡಿಯಾರ, ಹಿಂದಿನ ಗೋಡೆಯ ಮೇಲಿನ ಬರಹ ಇವೂ ತಿರುಗುತ್ತವೆ. ಬರಹ ಇದ್ದರೆ ಆಸೆ ಬಿಡಿ. ಕೈಗಡಿಯಾರ ಯಾರೂ ಗಮನಿಸುವುದಿಲ್ಲ. ಎಗರುವ ಕಡೆ ಮಧ್ಯದಲ್ಲಿ ಕೇಳುತ್ತಿರುವವರ ಮುಖ ಹಾಕಿ, ಮಾತು ಕೆಳಗೆ ಹಾಗೇ ನಡೆಯಲಿ. ಧ್ವನಿಗೆ ಅದೇ ಕೋಣೆಗೆ ಹೋಗಿ ರೂಮ್ ಟೋನ್ ತಂದು ಇಡೀ ಸೀನ್ ಕೆಳಗೆ ಹಾಸಿ, ಕ್ಲೋಸಪ್ ಟೇಕ್‌ನ ಮಾತನ್ನು ವೈಡ್‌ನ ತುಟಿಗೆ ಕೂರಿಸಲು ಆಗುತ್ತದಾ ನೋಡಿ. ಒಂದೇ ವೇಗದಲ್ಲಿ ಹೇಳಿದ್ದರೆ ಕೂರುತ್ತದೆ.

ಅಷ್ಟಾದರೂ ತೂತು ಉಳಿದರೆ ಒಂದು ಗಂಟೆಯ ಪಿಕಪ್ ಶೂಟ್ ಇಟ್ಟುಕೊಳ್ಳಿ. ಅಂದರೆ ಬಿಟ್ಟುಹೋದ ಶಾಟ್‌ಗಳನ್ನಷ್ಟೇ ತೆಗೆಯುವುದು. ಬೀಗದ ಕೈ ಮೇಜಿಗೆ ಬರುವ ಇನ್ಸರ್ಟ್, ತಮ್ಮ ಮಾತಿಲ್ಲದೆ ಕೇಳುತ್ತಾ ಕೂತ ಒಂದು ಉದ್ದನೆಯ ಕ್ಲೋಸಪ್, ಈ ಸಲ ಎಡಕ್ಕೆ ನೋಡುತ್ತಾ. ಇನ್ಸರ್ಟ್‌ಗೆ ಅಕ್ಕನೇ ಬರಬೇಕಿಲ್ಲ, ಅದೇ ತೋಳಿನ ಬಟ್ಟೆ ಹಾಕಿದ ಯಾರ ಕೈಯಾದರೂ ನಡೆಯುತ್ತದೆ. ತಮ್ಮನ ಪಾತ್ರದವರಿಗೆ ಮಾತ್ರ ಇವತ್ತೇ ಫೋನ್ ಮಾಡಿ, ಅಷ್ಟರೊಳಗೆ ಕೂದಲು ಕತ್ತರಿಸಿಕೊಳ್ಳಬೇಡ ಅಂತ ಹೇಳಿಬಿಡಿ.